ಆಸ್ಪತ್ರೆಯಿಂದ ತಂದ ಎತ್ತರ

ಊರಿನ ದೊಡ್ಡ ಆಸ್ಪತ್ರೆಯಲ್ಲಿ ಯಾವ ಡಾಕ್ಟರು ಯಾವ ಕೋಣೆಯಲ್ಲಿ ಕೂರುತ್ತಾರೆಂದು ತಿಳಿಯದವರು ಎಷ್ಟೋ ಜನ ಸಿಗುತ್ತಾರೆ. ಲಾಂಡ್ರಿಯಕ್ಕ ಯಾರೆಂದು ತಿಳಿಯದವರು ಸಿಗುವುದಿಲ್ಲ. ನೆಲಮಾಳಿಗೆಯ ಲಾಂಡ್ರಿಯಲ್ಲಿ ಚಾದರ ಮಡಿಸುವ ಮೇಜಿನ ಮುಂದೆ ಅವಳು ಮೊದಲು ನಿಂತದ್ದು ಇನ್ನೂ ಹುಡುಗಿಯಾಗಿದ್ದಾಗ. ಆಮೇಲೆ ಎಷ್ಟು ಡಾಕ್ಟರುಗಳು ಕರಿಗೂದಲಲ್ಲಿ ಬಂದು ಬಿಳಿಗೂದಲಲ್ಲಿ ಮನೆಗೆ ಹೋದರೋ, ಅವಳು ಮಾತ್ರ ಅಲ್ಲೇ ನಿಂತಿದ್ದಳು. ಅವಳಿಗೆ ಒಂದಿಷ್ಟು ಜಂಬವಿತ್ತು. ಇರಲಿ ಬಿಡಿ. ಕೆಲಸ ಬಲ್ಲವರಿಗೆ ಜಂಬ ಇರಬಾರದೆಂದು ಉಪದೇಶ ಮಾಡುವವರಿಗೆ ಸಾಮಾನ್ಯವಾಗಿ ಯಾವ ಕೆಲಸವೂ ಬಂದಿರುವುದಿಲ್ಲ.

ಚಾದರ ಮಡಿಸುವುದರಲ್ಲಿ ಏನಿದೆ ಎಂದು ಕೇಳುವವರು ಒಂದು ದಿನ ಅಲ್ಲಿ ನಿಂತು ನೋಡಬೇಕು. ಬಿಸಿ ಉರುಳೆಗಳ ನಡುವಿನಿಂದ ಚಾದರ ಹೊರಬಂದ ಕೂಡಲೇ ಇಬ್ಬರು ಎದುರುಬದುರು ಹಿಡಿದು ಮಡಿಸಬೇಕು. ಆಸ್ಪತ್ರೆಯ ಹೆಸರಿರುವ ನೀಲಿ ಮುದ್ರೆ ಒಂದು ಮೂಲೆಯಲ್ಲಿರುತ್ತದೆ. ಆ ಮೂಲೆ ಯಾವಾಗಲೂ ಹೊರಗೆ ಕಾಣಬೇಕು. ಮಡಿಸಿದ್ದನ್ನು ಒಂದು ಸಾಲು ಉದ್ದಕ್ಕೆ, ಮುಂದಿನ ಸಾಲು ಅಡ್ಡಕ್ಕೆ, ಗೋಡೆಗೆ ಇಟ್ಟಿಗೆ ಇಟ್ಟ ಹಾಗೆ ಪೇರಿಸಿ ಹಗ್ಗದಿಂದ ಬಿಗಿಯಬೇಕು. ಅಲ್ಲಿಗೆ ಮುಗಿಯಲಿಲ್ಲ. ಬಿಸಿ ಆರುತ್ತಿದ್ದಂತೆ ಕಟ್ಟು ತಾನಾಗಿ ಕುಗ್ಗುತ್ತದೆ, ಹಗ್ಗ ಸಡಿಲವಾಗುತ್ತದೆ. ಆಗ ಇನ್ನೊಮ್ಮೆ ಬಿಗಿಯಬೇಕು. ಇದಕ್ಕೆ ಲಾಂಡ್ರಿಯಲ್ಲಿ ಎರಡನೇ ಬಿಗಿತ ಎನ್ನುತ್ತಾರೆ. ಸೋಮಾರಿಗಳು ಮೊದಲನೆಯದಕ್ಕೇ ಕೈ ಕೊಡವಿಕೊಂಡು ಗಾಡಿ ತಳ್ಳಿಕೊಂಡು ಹೋಗುತ್ತಾರೆ. ಲಿಫ್ಟಿನ ಹೊಸ್ತಿಲ ಮೇಲೆ ಗಾಡಿ ಧಡ್ಡೆಂದು ಕುಲುಕಿದಾಗ ಇಡೀ ಕಟ್ಟು ನೆಲಕ್ಕೆ ಬೀಳುತ್ತದೆ. ಲಾಂಡ್ರಿಯಕ್ಕನ ಕಟ್ಟು ಯಾವತ್ತೂ ಬಿದ್ದದ್ದಿಲ್ಲ.

ಆ ಹೊಸ್ತಿಲ ಹತ್ತಿರವೇ ಅವಳಿಗೆ ಗಂಡ ಸಿಕ್ಕಿದ್ದು. ಅವನು ಲಿಫ್ಟ್ ನಡೆಸುವವನು. ಅವಳ ಗಾಡಿ ಬಂದಾಗಲೆಲ್ಲ ಮುಚ್ಚುತ್ತಿರುವ ಬಾಗಿಲಿಗೆ ಕೈ ಅಡ್ಡ ಕೊಟ್ಟು ನಿಲ್ಲುತ್ತಿದ್ದ. ಒಂದು ದಿನವೂ ಬಾಯಿಬಿಟ್ಟು ಏನೂ ಹೇಳಿದವನಲ್ಲ. ಕೊನೆಗೆ ಅವಳೇ, "ಹೀಗೆ ಎಷ್ಟು ದಿನ ಅಂತ ಮೇಲೆ ಕೆಳಗೆ ಓಡಾಡ್ಸ್ತೀರಾ? ಮನೇಲಿ ಬಂದು ಕೇಳಿ," ಎಂದಳಂತೆ. ಈ ಕಥೆಯನ್ನು ಅವಳು ಹೇಳುವಾಗ ಅವನು ಇವತ್ತಿಗೂ ಕಿಟಕಿಯ ಹೊರಗೆ ನೋಡುತ್ತಾನೆ.

ಮದುವೆಯಾದ ಮೇಲೆ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಸಂಸಾರ. ಒಂದು ಕೋಣೆ, ಒಂದು ಅಡುಗೆಮನೆ. ಮಂಚ, ಮೇಜು, ಕುರ್ಚಿ, ಬಕೆಟ್ಟು, ಬಲ್ಬು, ಎಲ್ಲವೂ ಆಸ್ಪತ್ರೆಯವು. ಎಲ್ಲದರ ಮೇಲೂ ಬಿಳಿ ಪೇಂಟಿನಲ್ಲಿ ನಂಬರು. ಪೊರಕೆಯ ಹಿಡಿಗೂ ಬಿಟ್ಟಿರಲಿಲ್ಲ. "ಈ ಮನೇಲಿ ನಂಬರ್ ಬೀಳದೆ ಉಳಿದಿರೋದು ನನ್ನ ಮೊಮ್ಮಗಳು ಮಾತ್ರ," ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ಹಾಸುವ ಚಾದರವೂ ಆಸ್ಪತ್ರೆಯದೇ. ಅವಳು ಕೆಳಗೆ ಮಡಿಸಿದ್ದು ಸುತ್ತಿ ಬಳಸಿ ಅವಳ ಮನೆಗೇ ಬರುತ್ತಿತ್ತು.

ಅತ್ತೆಯ ಬಗ್ಗೆ ಹೇಳಿಬಿಡಬೇಕು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಈ ಮನೆಯಲ್ಲಿ ಇಬ್ಬರ ಕಾಲವೂ ಒಟ್ಟಿಗೇ ನಡೆದಿತ್ತು. ಗಂಡ ಹೆಂಡತಿ ಇಬ್ಬರೂ ಪಾಳಿಯ ಕೆಲಸಕ್ಕೆ ಹೋದರೆ ಮಗುವನ್ನು ಸಾಕಿದವರು ಅತ್ತೆ. ಬಾಯಿ ಮಾತ್ರ ಚೂರಿ. ಸೊಸೆಯನ್ನು ಎದುರಿಗೆ ಹೊಗಳಿದ್ದು ಯಾರೂ ಕೇಳಿಲ್ಲ, ಹಿಂದಿನಿಂದ ಬೈದದ್ದನ್ನೂ ಯಾರೂ ಕೇಳಿಲ್ಲ. ಈಚೆಗೆ ಮಂಡಿ ಎರಡೂ ಕೈಕೊಟ್ಟಿದ್ದವು. ನೆಲದ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ. ಆದರೆ ಕ್ವಾರ್ಟರ್ಸಿನ ಕಬ್ಬಿಣದ ಮಂಚದಿಂದ ಯಾರ ಕೈಯನ್ನೂ ಹಿಡಿಯದೆ ತಾವೇ ಎದ್ದು ನಿಲ್ಲುತ್ತಿದ್ದರು. ಅದು ಅವರ ಹಟ. ಯಾರಾದರೂ ರಟ್ಟೆಗೆ ಕೈಹಾಕಿದರೆ, "ನಾನೇನು ಗಾಡಿ ಮೇಲಿನ ಕಟ್ಟಾ, ಎತ್ತಿಡೋಕೆ?" ಎಂದು ಗದರುತ್ತಿದ್ದರು.

ಅತ್ತೆಗೆ ಇನ್ನೊಂದು ಆಸೆಯಿತ್ತು. "ಸಾಯೋಕೆ ಮುಂಚೆ ನಂಬರ್ ಇಲ್ಲದ ಹಾಸಿಗೆ ಮೇಲೆ ಮಲಗ್ಬೇಕು ನಾನು. ಆರೋಗ್ಯವಾಗಿರೋಳನ್ನ ಇಷ್ಟು ವರ್ಷ ಆಸ್ಪತ್ರೆ ಹಾಸಿಗೇಲಿ ಮಲಗಿಸಿದ್ದೀರಿ," ಎನ್ನುತ್ತಿದ್ದರು. ತಮಾಷೆಗೇ ಹೇಳುತ್ತಿದ್ದರು. ಲಾಂಡ್ರಿಯಕ್ಕ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ಗಂಡ ಹೆಂಡತಿ ಹೊಟ್ಟೆಬಟ್ಟೆ ಕಟ್ಟಿ ಸಣ್ಣದೊಂದು ಮನೆ ಕೊಂಡರು. ಎರಡು ಕೋಣೆ, ಅಡುಗೆಮನೆ, ನೆಲಮಹಡಿ. ಲಿಫ್ಟಿನವನು ನೆಲಮಹಡಿಯೇ ಬೇಕೆಂದು ಹಟ ಹಿಡಿದಿದ್ದ. ಜೀವಮಾನವಿಡೀ ಹತ್ತಿಳಿದದ್ದು ಸಾಕಾಗಿತ್ತು ಅವನಿಗೆ.

ಮಂಚಕ್ಕೆ ಬಡಗಿಗೆ ಹೇಳಿದ್ದರು. ಮುಂಗಡವನ್ನೂ ಕೊಟ್ಟಾಗಿತ್ತು. ಮನೆ ಬಿಡುವ ದಿನದ ಹೊತ್ತಿಗೆ ಕೊಡುತ್ತೇನೆ ಎಂದವನು ಆ ದಿನ ಹತ್ತಿರ ಬಂದಂತೆ "ನಾಳೆ" ಎನ್ನತೊಡಗಿದ. ಬಡಗಿಯ ನಾಳೆಗೂ ಗೋಡೆಯ ಕ್ಯಾಲೆಂಡರಿಗೂ ಯಾವ ಸಂಬಂಧವೂ ಇರುವುದಿಲ್ಲ ಎನ್ನುವುದು ಮಂಚ ಮಾಡಿಸಿದವರಿಗೆಲ್ಲ ಗೊತ್ತು. ಇವರಿಗೆ ಗೊತ್ತಿರಲಿಲ್ಲ, ಏಕೆಂದರೆ ಇವರು ಮಂಚ ಮಾಡಿಸಿದವರೇ ಅಲ್ಲ.

ಕ್ವಾರ್ಟರ್ಸ್ ಬಿಡುವ ದಿನ ಬೆಳಿಗ್ಗೆ ಸ್ಟೋರ್ ಕೀಪರು ಬಂದು ಸಾಮಾನುಗಳ ನಂಬರು ನೋಡಿಕೊಂಡ. ಎಲ್ಲ ಸರಿಯಿತ್ತು. ಮಂಚದ ಹತ್ತಿರ ನಿಂತು ದನಿ ತಗ್ಗಿಸಿದ.

"ಅಕ್ಕಾ, ಈ ಕಟ್ಟಡಾನೇ ಒಡೀತಾರೆ. ಮಂಚ ಎಲ್ಲ ಗುಜರಿಗೆ ಹೋಗುತ್ತೆ. ಒಂದು ತಗೊಂಡ್ಹೋಗಿ, ಯಾರೂ ಕೇಳಲ್ಲ."

ಗಂಡ ಆಸೆಯಿಂದ ಹೆಂಡತಿಯ ಮುಖ ನೋಡಿದ. "ಬಡಗಿ ಕೊಡೋವರೆಗೆ ಇರ್ಲಿ ಬಿಡು. ಅಮ್ಮನ ಮಂಡಿ..."

"ಬೇಡ," ಎಂದಳು ಲಾಂಡ್ರಿಯಕ್ಕ. "ಇಷ್ಟು ವರ್ಷ ಈ ಆಸ್ಪತ್ರೆಯ ಒಂದು ಪಿನ್ನೂ ನಾನು ಮನೆಗೆ ತಂದಿಲ್ಲ. ಹೊಸ ಮನೆಗೆ ಮೊದಲು ಹೋಗೋದು ಇದೇ ನಂಬರ್ ಮಂಚನಾ?"

ಸ್ಟೋರ್ ಕೀಪರು ಭುಜ ಕುಣಿಸಿ ಹೊರಟ. ಆಮೇಲೆ ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಹಗ್ಗದ ತುಂಡೊಂದನ್ನು ತೆಗೆದು ನೆಲದಿಂದ ಹಾಸಿಗೆಯ ಮೇಲ್ಗಡೆಯವರೆಗೆ ಹಿಡಿದು ಅಲ್ಲಿ ಒಂದು ಗಂಟು ಹಾಕಿದಳು. ಮಂಚದ ಕಾಲು ಅಷ್ಟಕ್ಕೇ ಕತ್ತರಿಸಲಿ ಎಂದು ಬಡಗಿಗೆ ತೋರಿಸಲು. ಅತ್ತೆ ಯಾರ ಕೈಯನ್ನೂ ಹಿಡಿಯದೆ ಏಳುವುದು ಈ ಎತ್ತರದಿಂದ ಎನ್ನುವುದು ಅವಳಿಗೆ ಗೊತ್ತಿತ್ತು. ಹಗ್ಗವೂ ಅವಳದೇ. ಆಸ್ಪತ್ರೆಯಿಂದ ಅವಳು ತೆಗೆದುಕೊಂಡು ಹೋದದ್ದು ಆ ಎತ್ತರ ಒಂದನ್ನೇ.

ಸಾಮಾನಿನ ಗಾಡಿಯಲ್ಲಿ ಡ್ರೈವರನ ಪಕ್ಕ ಅತ್ತೆ ಮಹಾರಾಣಿಯಂತೆ ಕೂತರು. ಹಿಂದೆ ರಟ್ಟಿನ ಪೆಟ್ಟಿಗೆಗಳು, ಬಟ್ಟೆಯ ಗಂಟುಗಳು, ಹೊಸದಾಗಿ ಕೊಂಡ ಎರಡು ಹಾಸಿಗೆ. ಎಲ್ಲ ಇಳಿಸಿದ ಮೇಲೂ ಅತ್ತೆ ಇಳಿಯಲಿಲ್ಲ.

"ಅಜ್ಜಿ, ನನಗೆ ಇನ್ನೊಂದು ಬಾಡಿಗೆ ಇದೆ," ಎಂದ ಡ್ರೈವರು.

"ಹೋಗಪ್ಪ. ನಾನೂ ಬರ್ತೀನಿ. ಒಳಗೆ ಕೂರೋಕೆ ಜಾಗ ಇಲ್ಲ," ಎಂದರು ಅತ್ತೆ.

ಕೊನೆಗೆ ಮನೆಯ ಮುಂದಿನ ಗಿಡ್ಡ ಗೋಡೆಯ ಮೇಲೆ ಅವರನ್ನು ಕೂರಿಸಿದರು. ಲಾಂಡ್ರಿಯಕ್ಕ ಒಳಗೆ ಹೋಗಿ ನಿಂತಳು. ಖಾಲಿ ಗೋಡೆ, ಖಾಲಿ ನೆಲ, ಗೋಡೆಯಲ್ಲಿ ಒಂದು ಮೊಳೆಯೂ ಇಲ್ಲ. ಅವಳು ಗಂಟಲು ಸರಿಮಾಡಿಕೊಂಡದ್ದು ಕೂಡ ಮೂಲೆಗೆ ಹೋಗಿ ವಾಪಸು ಬಂತು. ಅವಳಿಗೆ ಹೆದರಿಕೆಯಾಯಿತು, ಅದರ ಬೆನ್ನಿಗೇ ಖುಷಿಯೂ ಆಯಿತು. ಎದುರು ಮನೆಯಾಕೆ ಬಾಗಿಲಲ್ಲಿ ತಲೆ ಹಾಕಿ, "ಹೊಸಬರಾ? ಬಾಡಿಗೇನಾ ಸ್ವಂತಾನಾ?" ಎಂದು ಕೇಳಿದಳು.

"ಸ್ವಂತ," ಎಂದಳು ಲಾಂಡ್ರಿಯಕ್ಕ. ಆ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಇನ್ನೊಂದು ಸಲ ಕೇಳಲಿ ಎಂದು ಕಾದಳು. ಆಕೆ ಕೇಳಲಿಲ್ಲ.

ಬಡಗಿಗೆ ಫೋನ್ ಮಾಡಿದರೆ ಬಂದದ್ದು ಅದೇ ಉತ್ತರ, ನಾಳೆ. ಆ ಫೋನ್ ಇಡುವಷ್ಟರಲ್ಲಿ ಇನ್ನೊಂದು ಬಂತು. ದೊಡ್ಡಕ್ಕನದು.

ದೊಡ್ಡಕ್ಕ ಎಂದರೆ ಗಂಡನ ಅಕ್ಕ, ಅತ್ತೆಯ ಹಿರಿಮಗಳು. ಇದೇ ಊರಿನ ಇನ್ನೊಂದು ಮೂಲೆಯಲ್ಲಿ ದೊಡ್ಡ ಮನೆ, ಕಾರು, ಕೂತರೆ ಹೂತುಹೋಗುವ ಸೋಫಾ. ಕೆಟ್ಟವಳಲ್ಲ. ತಾಯಿಯ ಮೇಲೆ ಜೀವ ಇಟ್ಟುಕೊಂಡವಳು. ಕ್ವಾರ್ಟರ್ಸಿಗೆ ಬಂದಾಗಲೆಲ್ಲ ತಾಯಿಯ ಪಕ್ಕ ಮಂಚದ ಮೇಲೆ ಕೂತು, ಮಾತಾಡುತ್ತಲೇ, ಚಾದರದ ನೀಲಿ ಮುದ್ರೆಯ ಮೂಲೆಯನ್ನು ಹಾಸಿಗೆಯ ಕೆಳಗೆ ತುರುಕಿಬಿಡುತ್ತಿದ್ದಳು. ಬೇಕೆಂದು ಮಾಡುತ್ತಿದ್ದಳೋ, ಕೈ ತಾನಾಗಿ ಹೋಗುತ್ತಿತ್ತೋ. ಮೂಲೆ ಹೊರಗೆ ಕಾಣುವಂತೆ ಮಡಿಸಿ ಅನ್ನ ತಿಂದವಳಿಗೆ ಅದು ಪ್ರತಿ ಸಲವೂ ಚುಚ್ಚುತ್ತಿತ್ತು.

"ಮಂಚ ಬಂತಾ?" ದೊಡ್ಡಕ್ಕ ಕೇಳಿದಳು.

"ನಾಳೆ ಬರುತ್ತೆ ಅತ್ತಿಗೆ."

"ಅಲ್ಲ, ಮಂಚ ಇಲ್ದೆ ಅಮ್ಮನ್ನ ಕರ್ಕೊಂಡು ಹೋಗಿದ್ದೀರಲ್ಲ, ಬುದ್ಧಿ ಇದೆಯಾ ನಿಮಗೆ? ನೆಲದ ಮೇಲೆ ಮಲಗಿಸಿದ್ರೆ ಅವಳು ಎದ್ದಾಳಾ? ನಾಳೆ ಬೆಳಿಗ್ಗೆ ಕಾರ್ ತರ್ತೀನಿ. ಅವಳಾಗಿ ಅವಳು ಎದ್ದು ನಿಂತ್ರೆ ಸರಿ. ಇಲ್ಲ ಅಂದ್ರೆ ನನ್ನ ಜೊತೆ ಬರ್ತಾಳೆ. ಎಲ್ಲ ಸರಿ ಹೋದ ಮೇಲೆ ನೋಡೋಣ."

ಎಲ್ಲ ಸರಿ ಹೋದ ಮೇಲೆ ಎಂಬ ಮಾತಿನ ಅರ್ಥ ಲಾಂಡ್ರಿಯಕ್ಕನಿಗೆ ತಿಳಿಯದ್ದೇನಲ್ಲ. ಆ ಮನೆಯ ಮೆತ್ತೆಗೆ ಒಮ್ಮೆ ಒಗ್ಗಿದ ಮಂಡಿ ಮತ್ತೆ ಈ ಕಡೆ ತಿರುಗುವುದು ಅಷ್ಟು ಸುಲಭವಲ್ಲ. ಈ ಮನೆ ಕೊಂಡದ್ದಕ್ಕೆ ಅರ್ಧ ಕಾರಣ ಹೊರಗೆ ಗೋಡೆಯ ಮೇಲೆ ಕೂತಿತ್ತು. ಅತ್ತೆ ಇಲ್ಲದ ಮನೆಗೆ ಸ್ವಂತ ಎಂದು ಯಾವ ಬಾಯಲ್ಲಿ ಹೇಳುವುದು? ಅದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಬೆಳಗಿನ ತನ್ನದೇ ಮಾತು. ಮಂಚ ಬೇಡ ಎಂದವಳು ಅವಳೇ. ಅವಳ ಜಂಬಕ್ಕೆ ಅತ್ತೆಯ ಮಂಡಿ ದಂಡ ತೆರಬೇಕಾಗಿ ಬಂದಿತ್ತು.

ಹೊರಗಿನಿಂದ ಅತ್ತೆ ಕೂಗಿದರು. "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಸಿಗೆ ಹಾಸೋಕೇ ಜಾಗ ಆಗಿಲ್ಲ, ನಾನು ಕಾಲನ್ನ ಏನ್ ಮಾಡ್ಲಿ?"

ಲಾಂಡ್ರಿಯಕ್ಕ ಕೋಣೆಯಲ್ಲಿ ಬಿದ್ದಿದ್ದ ಪೆಟ್ಟಿಗೆ, ಗಂಟುಗಳನ್ನೆಲ್ಲ ಒಮ್ಮೆ ನೋಡಿದಳು. ಸೊಂಟದ ಹಗ್ಗವನ್ನು ಮುಟ್ಟಿ ನೋಡಿಕೊಂಡಳು.

"ಏನನ್ನೂ ಬಿಚ್ಬೇಡಿ," ಎಂದಳು ಗಂಡನಿಗೂ ಮಗಳಿಗೂ. "ಎಲ್ಲ ಹಾಗೇ ಇಲ್ಲಿ ತನ್ನಿ."

ಗೋಡೆಯ ಪಕ್ಕ ಬಟ್ಟೆಯ ಗಂಟುಗಳನ್ನು ಬಡಿದು ಚೌಕ ಮಾಡಿ ಪೇರಿಸತೊಡಗಿದಳು. ಒಂದು ಸಾಲು ಉದ್ದಕ್ಕೆ, ಒಂದು ಸಾಲು ಅಡ್ಡಕ್ಕೆ. ಸುತ್ತ ಹಗ್ಗ. ಮೇಲೆ ಹಾಸಿಗೆ. ನೋಡಲು ಚೆನ್ನಾಗಿಯೇ ಬಂತು. ಪರೀಕ್ಷೆಗೆಂದು ಗಂಡ ಅಂಚಿನಲ್ಲಿ ಕೂತ. ಅಂಚು ಮೆಲ್ಲಗೆ ಕುಸಿದು ಅವನ ಮಂಡಿ ಎದೆಗೆ ಬಂತು.

"ಕೆಳಗೆ ಹೋಗ್ತಾ ಇದೆ," ಎಂದ ಲಿಫ್ಟಿನವನು, ಕೂತಲ್ಲೇ.

ಮಗಳು ಬಿದ್ದು ಬಿದ್ದು ನಕ್ಕಳು. ಲಾಂಡ್ರಿಯಕ್ಕ ನಗಲಿಲ್ಲ. ತಪ್ಪು ಎಲ್ಲಿದೆಯೆಂದು ಅವಳಿಗೆ ತಿಳಿದಿತ್ತು. ಮಲಗುವುದು ನಡುವಿನಲ್ಲಿ, ಏಳುವುದು ಅಂಚಿನಿಂದ. ಅಂಚು ಗಟ್ಟಿಯಿರಬೇಕು. "ಮನೇಲಿ ಗಟ್ಟಿ ಸಾಮಾನು ಯಾವುದಿದೆಯೋ ಎಲ್ಲ ಅಂಚಿಗೆ ತನ್ನಿ," ಎಂದಳು.

ಯಾವ ಮನೆಯಲ್ಲೇ ಆಗಲಿ, ಗಟ್ಟಿ ಸಾಮಾನು ಎಂದರೆ ಏನು? ಪಾತ್ರೆಯ ಪೆಟ್ಟಿಗೆ, ಡಬ್ಬಗಳ ಪೆಟ್ಟಿಗೆ, ದಿನಸಿಯ ಚೀಲ, ಒಲೆ.

"ಇದ್ರಲ್ಲಿ ಒಲೆ ಇದೆ," ಎಂದ ಗಂಡ.

"ಒಲೆ ಗಟ್ಟಿ ಇದೆ ತಾನೇ? ಇಡಿ."

ಮಗಳ ಕಾಲೇಜಿನ ಪುಸ್ತಕಗಳ ಪೆಟ್ಟಿಗೆಗೆ ಅಂಚಿನ ನಟ್ಟನಡುವೆ, ಅಜ್ಜಿ ಕೂರುವ ಕಡೆಗೇ, ಜಾಗ ಸಿಕ್ಕಿತು. "ನೀನು ಬಿಚ್ಚಿ ಓದಿದ್ದು ನಾನಂತೂ ಕಂಡಿಲ್ಲ. ಅಜ್ಜಿಗಾದ್ರೂ ಉಪಯೋಗಕ್ಕೆ ಬರಲಿ," ಎಂದಳು ತಾಯಿ. ಪೆಟ್ಟಿಗೆಗಳ ನಡುವೆ ಸಂದಿ ಉಳಿದಲ್ಲೆಲ್ಲ ಬಟ್ಟೆ ತುರುಕಿದಳು. ಹಗ್ಗ ಹಾಕಿ, ಪಾದವನ್ನು ಪೆಟ್ಟಿಗೆಗೆ ಒತ್ತಿ ಹಿಡಿದು, ಹಿಂದಕ್ಕೆ ವಾಲಿ ಬಿಗಿದಳು. ಆಮೇಲೆ ಗಂಟಿನ ಹಗ್ಗ ಹಿಡಿದು ನೋಡಿದರೆ ಎತ್ತರ ಕರಾರುವಾಕ್ಕು. ಕೈಚೀಲದಲ್ಲಿ ಹೊಸ ಚಾದರವಿತ್ತು, ಅಚ್ಚ ಬಿಳಿಯದು, ಈ ದಿನಕ್ಕೆಂದೇ ಕೊಂಡು ಬೇರೆಯಾಗಿ ಇಟ್ಟದ್ದು. ಅದನ್ನು ಹಾಸಿ, ಕೈಯ ಅಭ್ಯಾಸದಂತೆ ಒಂದು ಮೂಲೆಯನ್ನು ಹೊರಗೆ ಇಳಿಬಿಟ್ಟಳು. ಆ ಮೂಲೆಯಲ್ಲಿ ಏನೂ ಇರಲಿಲ್ಲ.

ಅತ್ತೆ ಒಳಗೆ ಬಂದು ಕೂತರು. ಅತ್ತಿತ್ತ ಜರುಗಿ ನೋಡಿದರು. "ಹೂಂ," ಎಂದರು. ಆ ಒಂದು ಹೂಂಗೆ ಲಾಂಡ್ರಿಯಕ್ಕನ ಬೆನ್ನುನೋವು ಅರ್ಧ ಇಳಿಯಿತು.

ತೊಂದರೆ ಶುರುವಾದದ್ದು ಆಮೇಲೆ. "ಅಮ್ಮಾ, ಟೀಗೆ ಒಲೆ ಎಲ್ಲಿ?" ಎಂದಳು ಮಗಳು. ಎಲ್ಲರೂ ಅಜ್ಜಿಯನ್ನು ನೋಡಿದರು. ಬೆಂಕಿಪೊಟ್ಟಣ ಎಲ್ಲಿ? ಅಜ್ಜಿಯ ಕೆಳಗೆ. ಸೋಪು, ಚಾಕು, ಲೋಟ, ತಟ್ಟೆ? ಎಲ್ಲ ಅಜ್ಜಿಯ ಕೆಳಗೆ. ಹೊಸ ಮನೆಯಲ್ಲಿ ಮೊದಲ ದಿನ ಏನೇನು ಕೈಗೆ ಸಿಗಬೇಕೋ ಅದೆಲ್ಲವೂ ಗಟ್ಟಿ ಸಾಮಾನೇ ಆಗಿತ್ತು.

"ಅಜ್ಜಿ, ಸ್ವಲ್ಪ ಎದ್ದೇಳು, ಒಂದೇ ಒಂದು ಪೆಟ್ಟಿಗೆ ಎಳ್ಕೋತೀನಿ."

"ಏಳಲ್ಲ," ಎಂದರು ಅಜ್ಜಿ. "ಮಧ್ಯಾಹ್ನದಿಂದ ಗೋಡೆ ಮೇಲೆ ಕೂರಿಸಿದ್ರಿ. ಈಗ ಕೂತಿದ್ದೀನಿ. ಈ ಮನೇಲಿ ಯಾರಿಗೆ ಏನು ಬೇಕಾದ್ರೂ ಇನ್ಮೇಲೆ ನನ್ನನ್ನ ಕೇಳ್ಬೇಕು."

ಅವತ್ತು ಬ್ರೆಡ್ಡು ಬಾಳೆಹಣ್ಣಿನಲ್ಲಿ ಊಟ ಮುಗಿಯಿತು. ನೀರು ಕುಡಿಯಲು ಮಗಳ ಬಾಟಲಿ ಒಂದೇ. ಎದುರು ಮನೆಯಾಕೆ ಏನಾದರೂ ಬೇಕಾ ಎಂದು ಕೇಳಿದಾಗ ಲಾಂಡ್ರಿಯಕ್ಕ, "ಏನೂ ಬೇಡ, ಎಲ್ಲ ಇದೆ," ಎಂದಳು. ಸುಳ್ಳೇನಲ್ಲ. ಎಲ್ಲ ಇತ್ತು.

ಕತ್ತಲಾಗುವಾಗ ಸ್ವಿಚ್ಚು ಒತ್ತಿದರೆ ಬೆಳಕಿಲ್ಲ. ಮೇಲೆ ನೋಡಿದರೆ ಖಾಲಿ ಹೋಲ್ಡರು. ಬಲ್ಬು ಎನ್ನುವುದನ್ನು ಕೊಳ್ಳಬೇಕಾಗುತ್ತದೆ ಎನ್ನುವುದು ಈ ಮನೆಯವರಿಗೆ ಹೊಳೆದೇ ಇರಲಿಲ್ಲ. ಕ್ವಾರ್ಟರ್ಸಿನಲ್ಲಿ ಸುಟ್ಟುಹೋದ ಬಲ್ಬು ಕೊಟ್ಟರೆ ಸ್ಟೋರಿನಿಂದ ಹೊಸದೊಂದು ಕೊಡುತ್ತಿದ್ದರು. ಗಂಡ ಅಂಗಡಿಗೆ ಓಡಿದ. ಹೋಗಿ ಬಂದವನ ಕೈಯಲ್ಲಿ ಇದ್ದದ್ದು ಒಂದೇ ಬಲ್ಬು.

"ಒಂದೇನಾ?"

"ಹೌದಲ್ಲ," ಎಂದ ಅವನು ಅದನ್ನೇ ದಿಟ್ಟಿಸುತ್ತ. "ನಾನು ಅಂಗಡಿಯವನಿಗೆ, ಹಳೇದು ತಂದಿಲ್ಲ ಕಣಪ್ಪ, ಆದ್ರೂ ಕೊಡ್ತೀಯಾ ಅಂತ ಕೇಳ್ದೆ. ಅವನು ನನ್ನ ಮುಖಾನೇ ನೋಡ್ದ. ಕೊಟ್ಟಿದ್ದೇ ಹೆಚ್ಚು ಅಂತ ಬಂದ್ಬಿಟ್ಟೆ."

ಮತ್ತೆ ಹೋಗುವಷ್ಟರಲ್ಲಿ ಅಂಗಡಿ ಮುಚ್ಚಿತ್ತು. ಆ ಸಂಜೆ ಒಂದೇ ಬಲ್ಬು ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಚ್ಚಲಿಗೆ ಓಡಾಡಿತು. ಯಾರು ಎಲ್ಲಿಗೆ ಹೊರಟರೂ ಲಿಫ್ಟಿನವನು ಕೈಗೆ ಬಟ್ಟೆ ಸುತ್ತಿಕೊಂಡು ಬಲ್ಬು ಬಿಚ್ಚಿ ಅವರನ್ನು ತಲುಪಿಸಿ ಬರುತ್ತಿದ್ದ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದ್ದದ್ದು ಕಂಡು, "ನಾಳೆ ದೂರು ಬರೆಸ್ಬೇಕು," ಎಂದ.

"ಯಾರ ಹತ್ರ?" ಎಂದಳು ಹೆಂಡತಿ.

ಅವನು ಯೋಚಿಸಿದ. "ನಮ್ಮ ಹತ್ರಾನೇ."

ಇಬ್ಬರೂ ಆ ತೊಟ್ಟಿಕ್ಕುವ ನಲ್ಲಿಯನ್ನು ಪ್ರೀತಿಯಿಂದ ನೋಡುತ್ತ ನಿಂತರು. ಸೋರುವ ನಲ್ಲಿಯೂ ತಮ್ಮದೇ ಆದಾಗ ಅದರ ಸದ್ದೇ ಬೇರೆ.

ಆದರೆ ಮಲಗುವ ಮುಂಚೆ ಅತ್ತೆ ಬಚ್ಚಲಿಗೆ ಹೋಗಲು ಏಳಲು ಹೋದರು. ಅಂಚಿಗೆ ಬಂದರು, ಪಾದ ಊರಿದರು, ಎದ್ದರು, ಅರ್ಧದಲ್ಲಿ ಮತ್ತೆ ಕೂತುಬಿಟ್ಟರು. ಮಗ ಕೈಕೊಟ್ಟ. ಅತ್ತೆ ಏನೂ ಅನ್ನದೆ ಆ ಕೈ ಹಿಡಿದುಕೊಂಡರು. ಗದರಿದ್ದರೆ ಎಷ್ಟೋ ಚೆನ್ನಾಗಿತ್ತು. ಲಾಂಡ್ರಿಯಕ್ಕ ಗಂಟಿನ ಹಗ್ಗ ತೆಗೆದಳು. ಮತ್ತೆ ಅಳೆದಳು, ಎತ್ತರ ಗಂಟಿಗಿಂತ ಎರಡು ಬೆರಳು ಕೆಳಗಿತ್ತು. ಕಟ್ಟು ಕುಗ್ಗಿತ್ತು.

ಕುಗ್ಗದೆ ಏನು ಮಾಡೀತು? ಕಟ್ಟಿಗೆ ಭಾರ ಬಿದ್ದರೆ ಕುಗ್ಗುತ್ತದೆ. ಪೂರ್ತಿ ಕುಗ್ಗುವವರೆಗೆ ಕಾಯಬೇಕು, ಆಮೇಲೆ ಬಿಗಿಯಬೇಕು. ಲಾಂಡ್ರಿಯ ಪಾಠ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡ, "ಅಕ್ಕನ ಜೊತೆ ನಾಲ್ಕು ದಿನ ಹೋಗಿರ್ಲಿ ಬಿಡು," ಎಂದಾಗ, "ಬೆಳಗಾಗ್ಲಿ," ಎಂದಷ್ಟೇ ಹೇಳಿ ಮಲಗಿದಳು. ಅತ್ತೆ ರಾತ್ರಿಯಿಡೀ ಗೊರಕೆ ಹೊಡೆದು ತಮ್ಮ ಪಾಲಿನ ಕೆಲಸ ಮಾಡಿದರು.

ಬೆಳಗ್ಗೆ ಅತ್ತೆ ಕಣ್ಣು ಬಿಟ್ಟಾಗ ಸೊಸೆ ನೆಲದ ಮೇಲೆ ಅಂಗಾತ ಬಿದ್ದು, ಎರಡೂ ಪಾದವನ್ನು ಪುಸ್ತಕದ ಪೆಟ್ಟಿಗೆಗೆ ಒತ್ತಿ ಹಗ್ಗ ಜಗ್ಗುತ್ತಿದ್ದಳು. ಕುಗ್ಗಿದ ಸಂದಿಗಳಿಗೆ ಮಗಳು ಟವೆಲ್ಲು, ಸ್ವೆಟರು, ಸಿಕ್ಕಿದ್ದನ್ನೆಲ್ಲ ತುರುಕುತ್ತಿದ್ದಳು.

"ನನ್ನನ್ನೂ ಸೇರಿಸಿ ಕಟ್ಟಿಬಿಡ್ಬೇಡ," ಎಂದರು ಅತ್ತೆ.

"ಅಲ್ಲಾಡ್ಬೇಡಿ ಅತ್ತೆ. ನೀವು ಮೇಲಿದ್ರೇನೇ ಇದು ಬಿಗಿಯೋದು."

ಕೊನೆಯ ಗಂಟು ಕೈಯಲ್ಲಿರುವಾಗಲೇ ಬಾಗಿಲಲ್ಲಿ ದೊಡ್ಡಕ್ಕ ನಿಂತಿದ್ದಳು. ಕೋಣೆಯನ್ನು ನೋಡಿದಳು, ನೆಲದ ಮೇಲಿದ್ದವಳನ್ನು ನೋಡಿದಳು, ಪೆಟ್ಟಿಗೆಗಳ ಮೇಲಿದ್ದ ತಾಯಿಯನ್ನು ನೋಡಿದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿತು.

"ಇದೇನಿದು, ಗೋಡೌನಲ್ಲಿ ಮಲಗಿಸಿದ್ದೀಯಲ್ಲ ಅಮ್ಮನ್ನ? ಅಮ್ಮಾ, ಕೈ ಕೊಡು. ಹೋಗೋಣ."

"ಕೈ ತೆಗಿ," ಎಂದರು ಅತ್ತೆ.

ಮೆಲ್ಲಗೆ ಅಂಚಿಗೆ ಸರಿದು ಪಾದ ಎರಡನ್ನೂ ನೆಲಕ್ಕೆ ಊರಿದರು. ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡರು. ಹಗ್ಗದ ತುದಿ ಹಿಡಿದೇ ಕೂತಿದ್ದ ಲಾಂಡ್ರಿಯಕ್ಕ ಉಸಿರು ಬಿಡಲಿಲ್ಲ. ಗಾಡಿ ಲಿಫ್ಟಿನ ಹೊಸ್ತಿಲು ದಾಟುವಾಗ ಅವಳು ಯಾವತ್ತೂ ಉಸಿರು ಬಿಡುತ್ತಿರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಗಂಡನ ಕೈ ತಾನಾಗಿ ಗಾಳಿಯಲ್ಲಿ ಅಡ್ಡ ಚಾಚಿಕೊಂಡಿತು, ಮುಚ್ಚುವ ಬಾಗಿಲನ್ನು ತಡೆಯುವವನ ಹಾಗೆ. ಅತ್ತೆ ಮುಂದಕ್ಕೆ ಬಾಗಿದರು. ಪುಸ್ತಕದ ಪೆಟ್ಟಿಗೆ ಕಿರ್ ಎಂದಿತು, ಕುಸಿಯಲಿಲ್ಲ. ಅತ್ತೆ ಎದ್ದು ನಿಂತರು.

ಕಿಟಕಿಯವರೆಗೆ ನಡೆದು ಹೊರಗೆ ನೋಡಿ ಬಂದು ಮತ್ತೆ ಕೂತರು. ಮತ್ತೆ ಎದ್ದರು.

"ಮೊದಲ್ನೇದು ನೀನು ನೋಡ್ಲಿ ಅಂತ," ಎಂದರು ಮಗಳಿಗೆ. "ಇದು ನನಗೆ."

ದೊಡ್ಡಕ್ಕ ಅಷ್ಟಕ್ಕೇ ಸೋಲುವವಳಲ್ಲ. "ಆದ್ರೂ ಅಮ್ಮಾ, ಇದು ಎಷ್ಟು ದಿನ ನಿಲ್ಲುತ್ತೆ? ನಮ್ಮನೇಲಿ ಕೋಣೆ ಖಾಲಿ ಇದೆ, ಮಂಚ ಇದೆ, ಎಲ್ಲ ಇದೆ."

"ಬರೋಕಾಗಲ್ಲ ಕಣಮ್ಮ. ಇವರ ಒಲೆ, ಪಾತ್ರೆ, ಬೆಂಕಿಪೊಟ್ಟಣ ಎಲ್ಲ ನನ್ನ ಕೆಳಗಿದೆ. ಯಜಮಾನಿ ಎದ್ದುಹೋದ್ರೆ ಮನೆ ನಡೆಯೋದು ಹೇಗೆ?" ಎಂದರು ಅತ್ತೆ. ಆಮೇಲೆ ದನಿ ಬದಲಿಸಿ ಹೇಳಿದರು, "ಹಟಮಾರಿ ಇವಳು. ಗುಜರಿ ಮಂಚ ಬಿಟ್ಟಿ ಸಿಕ್ಕಿದ್ರೂ ಬೇಡ ಅಂದ್ಳು. ಇವಳು ಕಟ್ಟಿದ್ದು ಬೀಳಲ್ಲ. ನಾನು ಇಲ್ಲೇ ಇರ್ತೀನಿ."

ಸೊಸೆಯ ಎದುರಿಗೇ ಹೇಳಿದರು. ಲಾಂಡ್ರಿಯಕ್ಕನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕೈಯಲ್ಲಿದ್ದ ಗಂಟನ್ನೇ ಬಿಗಿದದ್ದೇ ಬಿಗಿದದ್ದು.

ದೊಡ್ಡಕ್ಕ ಉಸಿರು ಬಿಟ್ಟು ತಾಯಿಯ ಪಕ್ಕ ಕೂತಳು. ಇಬ್ಬರ ಭಾರಕ್ಕೂ ಅಂಚು ಜಗ್ಗಲಿಲ್ಲ. ಬಲ್ಬು ಎಲ್ಲಿ, ಕುರ್ಚಿ ಯಾವಾಗ ತರುತ್ತೀರಿ ಎಂದು ತಮ್ಮನನ್ನು ಬೈಯುತ್ತ ಬೈಯುತ್ತ ಅವಳ ಕೈ ಎಂದಿನಂತೆ ಚಾದರದ ಮೂಲೆಗೆ ಹೋಯಿತು. ತುರುಕಲೆಂದು ಹಿಡಿದದ್ದು ಹಾಗೇ ನಿಂತಿತು. ತಿರುಗಿಸಿ ನೋಡಿದಳು. ಆ ಕಡೆಯೂ ಬಿಳಿ, ಈ ಕಡೆಯೂ ಬಿಳಿ.

"ಹುಡುಕ್ಬೇಡ," ಎಂದರು ಅತ್ತೆ. "ಏನೂ ಇಲ್ಲ. ಇದು ನಮ್ದು."

ದೊಡ್ಡಕ್ಕ ಆ ಮೂಲೆಯನ್ನು ಹಾಸಿಗೆಯ ಕೆಳಗೆ ತುರುಕಲಿಲ್ಲ. ಹೊರಗೆ ಎಲ್ಲರಿಗೂ ಕಾಣುವಂತೆ ಎಳೆದು, ಅಂಗೈಯಿಂದ ಒಮ್ಮೆ ಸವರಿ ಇಳಿಬಿಟ್ಟಳು. ಆಮೇಲೆ ತಮ್ಮನ ಹೆಂಡತಿಯ ಕಡೆ ತಿರುಗಿದಳು.

"ಹೊಸ ಮನೆಗೆ ಬಂದು ಟೀ ಕುಡೀದೆ ಹೋಗಲ್ಲ ನಾನು."

ಯಾರಾದರೂ ಏನಾದರೂ ಹೇಳುವ ಮುಂಚೆ ಅತ್ತೆ ಅಂಚಿಗೆ ಸರಿದು, ಪಾದ ಊರಿ, ಮೂರನೆಯ ಸಲ ಎದ್ದು ನಿಂತು ಪಕ್ಕಕ್ಕೆ ಸರಿದರು. ಯಾರೂ ಕೈ ಕೊಡಲು ಹೋಗಲಿಲ್ಲ. ಲಾಂಡ್ರಿಯಕ್ಕ ಮಂಡಿಯೂರಿ ಕೂತು ಒಲೆಯ ಕಡೆಯ ಗಂಟು ಬಿಚ್ಚತೊಡಗಿದಳು.